ಚಿಕ್ಕಪ್ಪನ ಕಬ್ಬಿಣದ ವಾದ

ಹೆಂಡತಿಗೆ ‘ತಪ್ಪಾಯ್ತು’ ಅನ್ನುವುದನ್ನು ತಪ್ಪಿಸಿಕೊಳ್ಳಲು ವೆಲ್ಡಿಂಗ್ ಕಲಿತ ಗಂಡಸು ಇಡೀ ಮೈಸೂರಿನಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಚಿಕ್ಕಪ್ಪ. ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ. ಒಬ್ಬರನ್ನು ಸಹಿಸಿಯೇ ಸಾಕಾಗಿದೆ.

ಮೊದಲು ಆರೋಪ ಏನೆಂದು ಹೇಳಿಬಿಡುತ್ತೇನೆ. ಚಾಮುಂಡಿ ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಅವರ ಪುಟ್ಟ ಕಾರು ಜಾರಿ ತಡೆಗೋಡೆಗೆ ಗುದ್ದಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಎಡ ಮೊಣಕೈ ಮುರಿಯಿತು. ಮೂಳೆಯೇನೋ ಕೂಡಿತು, ಕೈ ಮಾತ್ರ ಮತ್ತೆ ಪೂರ್ತಿ ನೇರವಾಗಲಿಲ್ಲ. ಜಡೆ ಹಾಕಿಕೊಳ್ಳಲು ಕೂಡ ಅವರ ಮನೆಯಲ್ಲೇ ಇದ್ದ ನನ್ನನ್ನು ಕರೆಯಬೇಕಾಯಿತು. ಹಿಂದಿನ ಸೀಟಿನಲ್ಲಿ ಪ್ರಸಾದದ ಚೀಲ ಹಿಡಿದು ಕೂತಿದ್ದ ನಾನೇ ಪ್ರತ್ಯಕ್ಷ ಸಾಕ್ಷಿ. ಚಿಕ್ಕಮ್ಮ “ನಿಧಾನ ರೀ” ಎನ್ನುತ್ತಲೇ ಇದ್ದರು. ಚಿಕ್ಕಪ್ಪ ಸಿಳ್ಳೆ ಹಾಕುತ್ತಲೇ ಇದ್ದರು.

ನೋಡಲು ಬಂದ ನೆಂಟರಿಗೆಲ್ಲ ಚಿಕ್ಕಪ್ಪ ಒಪ್ಪಿಸಿದ ಹೇಳಿಕೆ ಇದು: “ತಿರುವಲ್ಲಿ ಕಾರು ಎಳ್ಕೊಂಡ್ಬುಡ್ತು. ಗೋಡೆ ಬಂದ್ಬುಡ್ತು.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಎಳೆ ಎಳೆಯಾಗಿ ಬಿಚ್ಚಿ ಕಪ್ಪು ಗೆಲ್ಲುತ್ತಿದ್ದವಳು ನಾನು. ಇದನ್ನೂ ಬಿಚ್ಚಿ ನೋಡಿದೆ. ಕಾರಿತ್ತು, ತಿರುವಿತ್ತು, ಎದ್ದು ಬಂದ ಗೋಡೆಯೂ ಇತ್ತು. ಡ್ರೈವರ್ ಎಂಬ ಪ್ರಾಣಿ ಎಲ್ಲೂ ಕಾಣಲಿಲ್ಲ.

ಚಿಕ್ಕಮ್ಮ ಕಾರು ಹತ್ತುವುದನ್ನೇ ಬಿಟ್ಟರು. “ಕೈ ಹೋದ್ರೆ ಹೋಗ್ಲಿ ಕಣೇ,” ಎಂದು ಜಡೆ ಹಾಕಿಸಿಕೊಳ್ಳುತ್ತಾ ಒಮ್ಮೆ ನನಗೆ ಹೇಳಿದರು, “ತಪ್ಪು ತನ್ನದು ಅಂತ ಆ ಮನುಷ್ಯ ಬಾಯಿ ಬಿಡೋವರೆಗೂ ನಾನು ಅದರಲ್ಲಿ ಕೂರಲ್ಲ.” ಅಲ್ಲಿಂದ ಮುಂದೆ ನಮ್ಮ ಬಡಾವಣೆ ಲಕ್ಷ್ಮೀಪುರಂ ಒಂದು ಅಪರೂಪದ ಮೆರವಣಿಗೆಯನ್ನು ಕಂಡಿತು. ಮದುವೆಯಿರಲಿ, ನಾಮಕರಣವಿರಲಿ, ಮುಂದೆ ಆಟೋದಲ್ಲಿ ಚಿಕ್ಕಮ್ಮ, ಹಿಂದೆ ಖಾಲಿ ಕಾರಿನಲ್ಲಿ ಚಿಕ್ಕಪ್ಪ! ಛತ್ರದ ಬಾಗಿಲಲ್ಲಿ ಯಾರೋ ಕೇಳಿದರು: “ಇದೇನ್ರೀ, ಗಂಡ ಹೆಂಡ್ತಿ ಬೇರೆ ಬೇರೆ ಬಂದ್ರಾ?”

“ಇಲ್ಲ, ಒಟ್ಟಿಗೇ ಬಂದ್ವಿ,” ಎಂದರು ಚಿಕ್ಕಮ್ಮ, “ಒಬ್ಬರ ಹಿಂದೆ ಒಬ್ಬರು.”

ಇಷ್ಟಾದ ಮೇಲೆ ಬುದ್ಧಿಯಿದ್ದವರು ಏನು ಮಾಡುತ್ತಾರೆ? ಒಂದು ಮಾತು ಹೇಳಿ ಮುಗಿಸುತ್ತಾರೆ. ಚಿಕ್ಕಪ್ಪ ಟೀವಿ ನೋಡಿದರು. ಮನೆಗೆ ಕೇಬಲ್ ಬಂದ ಹೊಸತು. ಯಾವುದೋ ವಿದೇಶಿ ಚಾನೆಲ್ಲಿನಲ್ಲಿ ಕಾರುಗಳು ಕೆಸರಿನಲ್ಲಿ ಹಾರುತ್ತಿದ್ದವು. ಒಂದರ ಬಾನೆಟ್ ಎತ್ತಿದಾಗ, ಮುಂದಿನ ಚಕ್ರಗಳ ಎರಡೂ ಷಾಕ್ ಅಬ್ಸಾರ್ಬರ್‌ಗಳ ತಲೆಯನ್ನು ಸೇರಿಸಿ ಅಡ್ಡಲಾಗಿ ಬಿಗಿದಿದ್ದ ಒಂದು ರಾಡು ಕಂಡಿತು. ತಿರುವಿನಲ್ಲಿ ಕಾರಿನ ಮೈ ತಿರುಚದಂತೆ ಅದು ಹಿಡಿದುಕೊಳ್ಳುತ್ತದಂತೆ. ಚಿಕ್ಕಪ್ಪ ಕುರ್ಚಿಯಿಂದ ಎದ್ದು ನಿಂತರು. “ನಾನ್ ಹೇಳಿಲ್ವಾ? ಗಾಡೀಲೇ ಐಬಿತ್ತು!” ಅಪರಾಧಿ ಸಿಕ್ಕಿಬಿಟ್ಟಿದ್ದ. ಅವನಿಗೆ ನಾಲ್ಕು ಚಕ್ರಗಳಿದ್ದವು.

ಮೊದಲನೆಯ ರಾಡು ಮನೆಯ ಹಳೇ ನಲ್ಲಿ ಪೈಪು. ಎರಡು ತುದಿಗಳನ್ನು ಬಡಿದು ಚಪ್ಪಟೆ ಮಾಡಿ, ತೂತು ಕೊರೆದು ಕೂರಿಸಿದರು. ಬಾನೆಟ್ ಮುಚ್ಚಲಿಲ್ಲ. ಅದನ್ನು ಹಗ್ಗದಲ್ಲಿ ಕಟ್ಟಿ ಆಫೀಸಿಗೆ ಹೊರಟಾಗ ಎದುರು ಮನೆಯವರು, “ಏನ್ ಸಾರ್, ಬಾಯಿ ಬಿಟ್ಕೊಂಡೈತೆ?” ಎಂದರು. “ಬಿಡ್ಲಿ ಬುಡ್ರಿ, ಸೆಖೆ,” ಎಂದರು ಚಿಕ್ಕಪ್ಪ. ಆಹಾ, ಕಾರಿನ ಸೆಖೆ ಅವರಿಗೆ ಅರ್ಥವಾಗುತ್ತಿತ್ತು!

ಎರಡನೆಯದಕ್ಕೆ ಕಡಕೊಳದ ಒಂದು ವರ್ಕ್‌ಶಾಪಿಗೆ ಭಾನುವಾರಗಳಲ್ಲಿ ಹೋಗಿ ತಾವೇ ವೆಲ್ಡಿಂಗ್ ಕಲಿತರು. ಹುಬ್ಬು ಸುಟ್ಟುಕೊಂಡು ಬಂದರು. ಕಿಟಕಿ ಸರಳಿನ ಆ ರಾಡು ಬಾನೆಟ್ಟಿನ ಕೆಳಗೇನೋ ಅಡಗಿತು, ಆದರೆ ಆಯಿಲ್ ನೋಡುವ ಕಡ್ಡಿಯ ಮೇಲೇ ಮಲಗಿತು. ಆಯಿಲ್ ನೋಡಬೇಕಾದರೆ ರಾಡು ಬಿಚ್ಚಬೇಕು. ಪರಿಹಾರವಾಗಿ ಚಿಕ್ಕಪ್ಪ ಆಯಿಲ್ ನೋಡುವುದನ್ನೇ ಬಿಟ್ಟರು. ನೋಡದಿದ್ದರೆ ಇಲ್ಲ ಎಂಬ ಈ ತತ್ವವನ್ನು ಅವರು ಹೆಂಡತಿಯ ಕೈಯ ಮೇಲೆ ಆಗಲೇ ಪ್ರಯೋಗಿಸಿ ನೋಡಿದ್ದರು.

ಮೂರನೆಯದಕ್ಕೆ ಬಾಗಿದ ಪೈಪು ಬೇಕಾಯಿತು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ: ಚಿಕ್ಕಮ್ಮನ ತವರಿನವರು ಮದುವೆಯಲ್ಲಿ ಕೊಟ್ಟ ಕಬ್ಬಿಣದ ಮಂಚದ ತಲೆಯ ಕಡೆಯದು. ಚಿಕ್ಕಮ್ಮ ತರಕಾರಿ ತರಲು ಹೋಗಿದ್ದಾಗ ಕೊಯ್ದುಬಿಟ್ಟರು. ಹಿಂದಿರುಗಿದ ಚಿಕ್ಕಮ್ಮ ಬೋಳು ಮಂಚವನ್ನು ನೋಡಿದರು, ಅಂಗಳದಲ್ಲಿ ಕಿಡಿ ಹಾರಿಸುತ್ತಿದ್ದ ಗಂಡನನ್ನು ನೋಡಿದರು.

“ನಾನಂತೂ ಕಾರು ಹತ್ತಲ್ಲ,” ಎಂದರು, “ನನ್ನ ಮಂಚ ಹತ್ತಿತಲ್ಲ, ಸಾಕು ಬಿಡಿ.”

ಚಿಕ್ಕಪ್ಪ ಕಪ್ಪು ಕನ್ನಡಕದೊಳಗಿಂದ, “ನಿಂಗೋಸ್ಕರಾನೇ ಮಾಡ್ತಿರೋದು,” ಎಂದರು. ನನಗೆ ರೇಗಿತು. ಚಿಕ್ಕಮ್ಮನಿಗೋಸ್ಕರ ಒಂದು ನಾಲಿಗೆ ಹೊರಳಿಸಲಾಗದವರು ಚಿಕ್ಕಮ್ಮನಿಗೋಸ್ಕರ ಕಬ್ಬಿಣ ಕರಗಿಸುತ್ತಾರಂತೆ!

ರಾಡು ಕೂತ ಮರುದಿನವೇ ಪರೀಕ್ಷೆ. ಅದೇ ಬೆಟ್ಟ, ಅದೇ ಇಳಿಜಾರು. “ನೀನೇ ಬಾ. ಏನೂ ನಂಬಲ್ವಲ್ಲ ನೀನು. ನೀನು ಹೇಳಿದ್ರೆ ಅವಳು ನಂಬ್ತಾಳೆ,” ಎಂದು ನನ್ನನ್ನು ಚಿಕ್ಕಮ್ಮನ ಜಾಗದಲ್ಲಿ ಕೂರಿಸಿಕೊಂಡರು. ಹತ್ತುವಾಗ ಎಲ್ಲ ಸರಿಯಿತ್ತು. ಇಳಿಯತೊಡಗಿದ ಮೇಲೆ ಸಿಳ್ಳೆ ನಿಂತಿತು. ಆ ತಿರುವು ಬರುವ ಹೊತ್ತಿಗೆ ಕಾರು ತೆವಳುತ್ತಿತ್ತು. ಹಿಂದಿನ ಬಸ್ಸು ಹಾರ್ನ್ ಮಾಡಿ ಮಾಡಿ ಸುಮ್ಮನಾಯಿತು. ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ದಾಟಿ ಮುಂದೆ ಹೋದರು.

ತಿರುವು ಮುಗಿಯಿತು. ಚಿಕ್ಕಪ್ಪ ಕಾರನ್ನು ಪಕ್ಕಕ್ಕೆ ಹಾಕಿ ಹಣೆ ಒರೆಸಿಕೊಂಡರು. “ನೋಡಿದ್ಯಾ? ಒಂಚೂರು ಅಲ್ಲಾಡ್ತಾ? ಬಾ, ತೋರಿಸ್ತೀನಿ,” ಎಂದು ಇಳಿದು ಬಾನೆಟ್ ಎತ್ತಿದರು.

ರಾಡಿನ ಒಂದು ತುದಿ ಗಾಳಿಯಲ್ಲಿತ್ತು. ಬಲಗಡೆಯ ನಟ್ಟುಗಳು ದಾರಿಯಲ್ಲೆಲ್ಲೋ ಉದುರಿದ್ದವು. ಚಿಕ್ಕಮ್ಮನ ಮಂಚದ ಪೈಪು ಏನನ್ನೂ ಹಿಡಿದುಕೊಳ್ಳದೆ ಎಂಜಿನ್ನಿನ ಮೇಲೆ ಸುಮ್ಮನೆ ಒರಗಿತ್ತು. ಅಂದರೆ, ರಾಡಿಲ್ಲದೆಯೇ ನಾವು ಆ ತಿರುವನ್ನು ಕ್ಷೇಮವಾಗಿ ದಾಟಿದ್ದೆವು. ನಿಧಾನವಾಗಿ ಬಂದಿದ್ದೆವು, ಅಷ್ಟೆ.

ಇಂಥ ಸಾಕ್ಷ್ಯ ಯಾವ ಸ್ಪರ್ಧೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಸಮಾರೋಪದ ಮಾತುಗಳು ಬಾಯಿಯಲ್ಲಿ ಸಿದ್ಧವಾಗಿ ನಿಂತಿದ್ದವು. ಚಿಕ್ಕಪ್ಪ ರಾಡಿನ ಬಿಟ್ಟ ತುದಿಯನ್ನು ಎತ್ತಿ ಅದರ ಜಾಗದಲ್ಲಿಟ್ಟರು. ಅದು ಮತ್ತೆ ಜಾರಿತು. ಮತ್ತೆ ಇಟ್ಟರು. ಎದುರಾಳಿ ಸೋತು ಕೂತುಬಿಟ್ಟ ಮೇಲೆ ಯಾರ ವಿರುದ್ಧ ಮಾತಾಡುವುದು? ನಾನು ಬಾನೆಟ್ ಮುಚ್ಚಿದೆ.

ಮನೆಗೆ ಬಂದೆವು. ಚಿಕ್ಕಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಚಿಕ್ಕಪ್ಪ ಕೈ ಕೂಡ ತೊಳೆಯದೆ ಹೋಗಿ ಅವರೆದುರು ನೆಲದ ಮೇಲೆ ಕೂತರು.

“ಅವತ್ತು ನಾನು ಜೋರಾಗಿ ಬಿಟ್ಬುಟ್ಟೆ.”

“ಗೊತ್ತು,” ಎಂದರು ಚಿಕ್ಕಮ್ಮ ಕಾಯಿಯಿಂದ ಕಣ್ಣೆತ್ತದೆ. “ಪಕ್ಕದಲ್ಲೇ ಇದ್ದೆನಲ್ಲ.”

ಚಿಕ್ಕಪ್ಪ ಕೈ ಚಾಚಿ ಅವರ ಮೊಣಕೈಯನ್ನು ಹಿಡಿದರು. ಹೆಬ್ಬೆರಳಿನಿಂದ ಸಂದನ್ನು ಮೆಲ್ಲಗೆ ತಡವಿದರು. “ಇಲ್ಲಿ ನೋಯುತ್ತಾ?”

“ಚಳಿ ಬಿದ್ರೆ ನೋಯುತ್ತೆ.”

“ಇಲ್ಲಿ?”

“ಅಲ್ಲಿ ಜಾಸ್ತಿ.”

ಕುಪ್ಪಸದ ತೋಳಿನ ಮೇಲೆ ಐದೂ ಬೆರಳುಗಳ ಗ್ರೀಸು ಕಪ್ಪಗೆ ಮೂಡುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿ, “ಇದು ಯಾವ ಸೋಪಿಗೂ ಹೋಗಲ್ಲ,” ಎಂದರು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.