ಚಹಾ ಕಪ್ಪಿನ ಬಾಯಿಗೆ ಐದು ಗುಂಡು

ಗುಂಡು ಎಲ್ಲಿ ಬೀಳುತ್ತದೆಂದು ಹೊಡೆದವನಿಗೇ ಗೊತ್ತಿಲ್ಲದ ಕಡೆ ಇಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ. 2017ರಲ್ಲಿ ನಾನು ಪರದೇಶದಲ್ಲಿ, ಎಟೋಬಿಕೋಕ್ ಎಂಬ ಊರಿನ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತ, ರವಿವಾರಕ್ಕೊಮ್ಮೆ ಬರ್ಲಿಂಗ್ಟನ್ ಆಚೆಯ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದೆ. ಆರು ತಿಂಗಳೊಳಗೆ ಪರೀಕ್ಷೆ. ಐವತ್ತು ಮೀಟರಿನಿಂದ ಐದು ಗುಂಡು ಚಹಾ ಕಪ್ಪಿನ ಬಾಯಿಯಷ್ಟು ವೃತ್ತದೊಳಗೆ ಬಿದ್ದರೆ ಮೆಂಬರ್, ಇಲ್ಲವಾದರೆ ಮನೆಗೆ. ಏಳನೇ ಇಯತ್ತೆಯ ಪರೀಕ್ಷೆಯ ದಿನವೇ ಶಾಲೆ ಬಿಟ್ಟು ಓಡಿದವನು ನಾನು. ಇದೊಂದನ್ನಾದರೂ ಪಾಸಾಗಬೇಕೆಂಬ ಹಟ.

1. ಪೇಶಂಟ್

ನನ್ನ ಸೆಮಿ-ಆಟೋಮ್ಯಾಟಿಕ್ ರೈಫಲ್ಲಿನ ಗುಂಡುಗಳು ಕಾಗದದ ತುಂಬ ಸಾಸಿವೆ ಚೆಲ್ಲಿದ ಹಾಗೆ ಬೀಳುತ್ತಿದ್ದವು. ಅದರ ಮೇಲಿನ ದುರ್ಬೀನು ಬದಲಿಸಿದೆ, ಮೂರು ನಮೂನೆಯ ಗುಂಡು ತಂದೆ. ಊಹೂಂ. ನನ್ನನ್ನು ಕ್ಲಬ್ಬಿಗೆ ಕರೆತಂದ ಹಳೇ ಮೆಂಬರ್, ಧಾರವಾಡದ ರಿಟೈರ್ಡ್ ಸರ್ಜನ್, ನಮಗೆಲ್ಲ ಕಾಕಾ. "ತಾ ಇಲ್ಲೆ" ಎಂದು ಇಸಿದುಕೊಂಡು ಐದು ಹೊಡೆದರು. ಐದೂ ಎಂಟಾಣೆಯಷ್ಟು ಜಾಗದಲ್ಲಿ.

"ಬಂದೂಕಿಗೆ ಏನೂ ಆಗಿಲ್ಲೋ ತಮ್ಮಾ. ಪೇಶಂಟ್ ನೀ ಇದ್ದಿ, ಔಷಧ ಅದಕ್ಕ ಹಾಕ್ಲಿಕತ್ತಿ."

2. ಟಿಕ್

ಮುಂದಿನ ರವಿವಾರ ಮ್ಯಾಗಜಿನ್ನಿಗೆ ಗುಂಡು ತುಂಬಿಕೊಟ್ಟವರು ಕಾಕಾನೇ. ಉಸಿರು ಬಿಟ್ಟೆ, ಟ್ರಿಗರ್ ಮೆಲ್ಲಗೆ ಒತ್ತಿದೆ. ಟಿಕ್! ಸದ್ದಿಲ್ಲ, ಹೊಗೆಯಿಲ್ಲ. ಆದರೂ ನನ್ನ ಕಣ್ಣು ಮುಚ್ಚಿ, ಭುಜ ಜಿಗಿದು, ಟೊಪ್ಪಿಗೆ ಬಿದ್ದಿತ್ತು. ನಿಜವಾದ ಗುಂಡುಗಳ ನಡುವೆ ಕಾಕಾ ಸಿಡಿಯದ ಒಂದು ಪ್ಲಾಸ್ಟಿಕ್ ಗುಂಡು ಸೇರಿಸಿದ್ದರು.

"ಗುಂಡು ಹಾರಲಿಲ್ಲ, ನೀ ಹಾರಿದಿ!"

ಮೂರು ವಾರ ಇದೇ ಆಟ. ಕೊನೆಗೆ ಕುಕ್ಕರಿನ ಸೀಟಿಗೂ ನಾನು ಮಿಸುಕುವುದು ಬಿಟ್ಟೆ. ಪಾಪ, ಹೆಂಡತಿ ನನಗೆ ಕಿವಿಯ ಡಾಕ್ಟರನ್ನು ಹುಡುಕತೊಡಗಿದಳು.

3. ಐದನೇದು

ಪರೀಕ್ಷೆ ಬಂದದ್ದು ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮರು ರವಿವಾರ. ಪರೀಕ್ಷೆ ನಡೆಸುವ ರೇಂಜ್ ಆಫೀಸರ್ ಕಟ್ಟುನಿಟ್ಟಿನ ಗೋರಾ ಮುದುಕ. ನಾಲ್ಕು ಗುಂಡು ವೃತ್ತದೊಳಗೆ ಬಿದ್ದವು. ಐದನೇದಕ್ಕೆ, ಗುಂಡನ್ನು ಒಳಗೆ ತಳ್ಳುವ ಬೋಲ್ಟು ಅರ್ಧಕ್ಕೇ ನಿಂತಿತು. ಬಂದೂಕಿನ ಮೂತಿ ಗುರಿಯತ್ತಲೇ ಹಿಡಿದು ಕೈ ಎತ್ತಿದೆ.

"ಸೀಸ್ ಫೈರ್!" ಎಂದು ಆಫೀಸರ್ ಕೂಗಿದ.

ಇಡೀ ಸಾಲು ಬಂದೂಕು ಕೆಳಗಿಟ್ಟಿತು. ಆಫೀಸರ್ ಬಂದು ಮ್ಯಾಗಜಿನ್ ತೆಗೆದು, ಬೋಲ್ಟು ಎಳೆದು ಬಂದೂಕನ್ನು ಕುಟ್ಟಿದ. ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಮೇಜಿನ ಮೇಲೆ ಬಿತ್ತು.

"ಏನಿದು?"

"ರೈಸ್, ಸರ್."

"ಇದಕ್ಕೆ ಊಟ ಹಾಕಿದ್ದು ಯಾರು?"

ಪೂಜೆಯ ದಿನ ನನ್ನ ಮತ್ತು ಕಾಕಾರ ಖಾಲಿ ಬಂದೂಕುಗಳನ್ನು ಮಣೆಯ ಮೇಲಿಟ್ಟಾಗ, ಹಿರಿಯರೆಂದು ಮುಷ್ಟಿ ತುಂಬ ಅಕ್ಷತೆ ಎರಚಿದವರು ಕಾಕಾನೇ. ನಾನು ಅವರತ್ತ ನೋಡಿದೆ. ಅವರು ಮೋಡ ನೋಡುತ್ತಿದ್ದರು.

"ಬಂದೂಕು ನನ್ನದು, ತಪ್ಪೂ ನನ್ನದೇ ಸರ್" ಎಂದೆ.

ಆಫೀಸರ್ ಅಕ್ಕಿಕಾಳನ್ನು ಬೆರಳಿನಿಂದ ಮೇಜಿನಾಚೆ ತಳ್ಳಿದ. ಆರು ತಿಂಗಳು ನೀರುಪಾಲಾಯಿತು ಅಂದುಕೊಂಡೆ.

"ಮೂತಿ ತಿರುಗಿಸಲಿಲ್ಲ, ಕೈ ಎತ್ತಿದೆ. ಸರಿಯಾಗಿ ಮಾಡಿದೆ. ಒಂದು ಬಾಕಿ ಇದೆ, ಹೊಡಿ."

ಹೊಡೆದೆ. ಆತ ದುರ್ಬೀನಿಗೆ ಕಣ್ಣಿಟ್ಟವನು ತೆಗೆಯಲೇ ಇಲ್ಲ.

"ಗೆರೆಗೆ ತಾಗಿದೆ. ಒಳಗೇ. ಮೆಂಬರ್!"

ಕಾಕಾಗೆ ಜೀವ ಬಂತು. "ನಾ ಹೇಳಿದ್ದಿಲ್ಲೇನು, ಬಂದೂಕು ಯಾವಾಗ್ಲೂ ಸ್ವಚ್ಛ ಇರಬೇಕು ಅಂತ!"

"ಡಾಕ್ಟರ್, ನಿಮ್ಮದನ್ನೂ ಕೊಡಿ" ಎಂದ ಆಫೀಸರ್.

ಬೋಲ್ಟು ಎಳೆದು ಬಗ್ಗಿಸಿದ. ಮೂರು ಅಕ್ಕಿಕಾಳು, ಒಂದು ಚೆಂಡುಹೂವಿನ ಎಸಳು, ಕೊನೆಗೆ ಟಣ್ಣೆಂದು ಒಂದು ಕಲ್ಲುಸಕ್ಕರೆ ಹರಳು. ಆಫೀಸರ್ ಅದನ್ನು ಬೆಳಕಿಗೆ ಹಿಡಿದ.

"ಅವನದಕ್ಕೆ ಬರೀ ಅನ್ನ. ನಿಮ್ಮದಕ್ಕೆ ಸ್ವೀಟೂ ಆಗಿದೆಯಲ್ಲ, ಡಾಕ್ಟರ್!"