ಇಲ್ಲ, ಇಲ್ಲು ಮತ್ತು ಅಮ್ಮನ ಮೈದಾನ

ನಮ್ಮಂಥ ಬ್ಯಾಂಕಿನವರಿಗೆ ಸಾಮಾನು ಬಿಚ್ಚುವಷ್ಟರಲ್ಲಿ ಮತ್ತೆ ವರ್ಗ. ನನಗೆ ಅದರ ಜೊತೆ ಇನ್ನೊಂದು ಕಾಟ: ನಾವು ಮನೆ ಹಿಡಿದ ಕಡೆಯೆಲ್ಲ ಎದುರಿನ ಶಾಲೆಯ ಮೈದಾನದಲ್ಲಿ ಅಪಾರ್ಟ್‌ಮೆಂಟ್ ಏಳುತ್ತದೆ. ಜೊತೆಗಿರುವ ಧಾರವಾಡದ ನಮ್ಮಮ್ಮನಿಗೋ, ಸಂಜೆ ಮೈದಾನ ಸುತ್ತದಿದ್ದರೆ ಊಟ ಸೇರುವುದಿಲ್ಲ, ನಮಗೆ ಬೈಗಳು ತಪ್ಪುವುದಿಲ್ಲ.

ಟ್ಯಾಂಕಿನ ಮಹಿಮೆ

ವಿಶಾಖಪಟ್ಟಣದ ಬಂದರಿನ ಹತ್ತಿರ ಇದ್ದಾಗಿನ ಮಾತು. ಮೈದಾನ ಹೋದದ್ದೇ ತಡ, ಅಮ್ಮ ತಾರಸಿ ಹತ್ತಿ ನೀರಿನ ಟ್ಯಾಂಕು ಸುತ್ತತೊಡಗಿದಳು. ಪಕ್ಕದ ಮನೆಯಾಕೆ ಕೆಲವು ದಿನ ನೋಡಿದಳು. ಏನು ಹರಕೆ ಎಂದು ಕೇಳಲೂ ಇಲ್ಲ, ಕೈಮುಗಿದುಕೊಂಡು ತಾನೂ ಹಿಂದೆ ಸುತ್ತಿದಳು. ಅದೇ ತಿಂಗಳು ಆಕೆಯ ಮಗಳಿಗೆ ಗಂಡು ಗೊತ್ತಾಯಿತು. ನಾವು ವಿಜಯವಾಡಕ್ಕೆ ಹೊರಡುವ ಹೊತ್ತಿಗೆ ವಾಲ್ವ್ ತಿರುಗಿಸಲು ಬಂದ ಪ್ಲಂಬರ್ ಕೂಡ ಚಪ್ಪಲಿ ಕಳಚಿಡಬೇಕಿತ್ತು.

ವಾಚ್‌ಮನ್ ಹೇಳಿದ್ದು

ವಿಜಯವಾಡದ ಭವಾನಿಪುರಂನಲ್ಲಿ ಮನೆಯ ಎದುರಿಗೇ ಶಾಲೆಯ ದೊಡ್ಡ ಮೈದಾನ. ನನ್ನ ಮಗಳೂ ಅಲ್ಲೇ ಓದುತ್ತಾಳೆ. ಅಮ್ಮನ ಮುಖ ಅರಳಿತು. ಆದರೆ ಒಂದು ದಿನ ಲಾರಿ ಬಂದು ಜಲ್ಲಿ ಸುರಿಯಿತು. ಅಮ್ಮ ಓಡಿಹೋಗಿ ವಾಚ್‌ಮನ್‌ನನ್ನು ವಿಚಾರಿಸಿ, ನಗುತ್ತ ಬಂದಳು.

"ಇಲ್ಲೇನ ಮನಿ ಕಟ್ಟತೀರೇನೋ ಅಂದೆ. ಇಲ್ಲ, ಇಲ್ಲ ಅಂದ. ಪಾಪ, ಎರಡೆರಡು ಸಲ ಹೇಳಿದ."

ಕನ್ನಡಕ್ಕಿಂತ ತೆಲುಗನ್ನೇ ಚೆನ್ನಾಗಿ ಆಡುವ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಮ್ಮಾ, ಅವನು ಅಂದಿದ್ದು ಇಲ್ಲ ಅಲ್ಲ, ಇಲ್ಲು! ಇಲ್ಲು ಅಂದ್ರೆ ಮನೆ!"

ಅಮ್ಮನ ಮುಖ ಸಣ್ಣಗಾಯಿತು. ನನಗೂ ಸಂಕಟವಾಯಿತು. ಅಮ್ಮ ಗೊಣಗಿದಳು: "ಇದ್ದ ಮನೀಗೆ ಇಲ್ಲ ಅಂತಾರ. ಎಂಥಾ ಮಂದೀನೋ!"

ಮೈದಾನದ ನೋಟ

ವಾರ ಕಳೆಯುವುದರಲ್ಲಿ ಅಲ್ಲಿ ಏಳಲಿದ್ದ ಅಪಾರ್ಟ್‌ಮೆಂಟಿನ ಫ್ಲಾಟಿಗೇ ಸಾಲ ಕೇಳಿಕೊಂಡು ಒಬ್ಬರು ಬ್ಯಾಂಕಿನಲ್ಲಿ ನನ್ನ ಟೇಬಲಿಗೇ ಬಂದರು. ಬಣ್ಣದ ಕರಪತ್ರದಲ್ಲಿ ಹಸಿರು ಮೈದಾನದ ಫೋಟೋ.

"ಬಾಲ್ಕನಿಯಲ್ಲಿ ನಿಂತರೆ ಮೈದಾನ ಕಾಣುತ್ತದಂತೆ ಮೇಡಂ ಗಾರು."

"ನಿಮ್ಮ ಫ್ಲಾಟು ಕಟ್ಟೋದೇ ಆ ಮೈದಾನದ ಮೇಲೆ" ಎಂದೆ.

ಅವರು ಕ್ಷಣ ಯೋಚಿಸಿದರು. "ಹಾಗಾದರೆ ಇನ್ನೂ ಹತ್ತಿರವಾಯಿತಲ್ಲಂಡಿ!"

ಅಮ್ಮನ ತೆಲುಗು

ಕೊನೆಗೆ ಶಾಲೆಯವರು ಮೈದಾನದ ವಿಷಯಕ್ಕೆ ಪೋಷಕರ ಸಭೆ ಕರೆದರು. ಅಮ್ಮನೂ ಹೊರಟಳು. ಈ ಸಲ ಎಡವಟ್ಟಾಗದಿರಲೆಂದು ಮಗಳು ಮೊದಲೇ ಪಾಠ ಮಾಡಿದಳು: "ಅಮ್ಮಮ್ಮಾ, ಅಲ್ಲಿ ಇಲ್ಲ ಅನ್ನಬೇಡ. ತೆಲುಗಲ್ಲಿ ಬೇಡ ಅನ್ನೋಕೆ 'ವದ್ದು' ಅಂತಾರೆ."

ಧಾರವಾಡದ ಕಿವಿಗೆ ವದ್ದು ಎಂದರೆ ಒದ್ದು. ಅಮ್ಮ ಕಣ್ಣರಳಿಸಿದಳು. "ಬಾಯಿಲೇ ಹೇಳಿದ್ರ ಸಾಕೋ, ಒದೀಬೇಕೋ?"

ಸಭೆಯಲ್ಲಿ ಶಾಲೆಯವರು ಮೈಕು ಹಿಡಿದು, ಮನೆ ಕಟ್ಟಿದರೆ ಶಾಲೆಗೆ ಎಷ್ಟು ಒಳ್ಳೆಯದೆಂದು ವಿವರಿಸಿದರು. ಎಲ್ಲರಿಗೂ ಒಳಗೊಳಗೇ ಸಿಟ್ಟು, ಬಾಯಿ ಬಿಡುವವರಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ವದ್ದು!"

ಹಿಂದಿನ ಸಾಲಿನಿಂದ ಇನ್ನೊಂದು "ವದ್ದು" ಬಂತು, ಆಮೇಲೆ ಇಡೀ ಹಾಲೇ ಕೂಗಿತು. ಶಾಲೆಯವರು ಇನ್ನೊಮ್ಮೆ ಯೋಚಿಸುತ್ತೇವೆಂದು ಚಹಾ ಕೊಟ್ಟು ಕಳಿಸಿದರು. ನನಗೆ ಅಮ್ಮನ ಮೇಲೆ ಹೆಮ್ಮೆ ಉಕ್ಕಿತು.

ಹೊರಗೆ ಜಲ್ಲಿರಾಶಿ ಇನ್ನೂ ಹಾಗೇ ಬಿದ್ದಿತ್ತು. ಅಮ್ಮ ಅದರ ಮುಂದೆ ನಿಂತು, ಸೀರೆ ತುಸು ಎತ್ತಿ, ಬೀಸಿ ಒಮ್ಮೆ ಒದ್ದಳು. ಜಲ್ಲಿ ಚೆಲ್ಲಾಪಿಲ್ಲಿಯಾಯಿತು. ವಾಚ್‌ಮನ್ ಗಾಬರಿಯಿಂದ ಓಡಿಬಂದ. "ಏಂಟಮ್ಮಾ ಇದಿ?"

"ಗಾಬರಿ ಆಗಬ್ಯಾಡೋ ತಮ್ಮಾ," ಎಂದಳು ಅಮ್ಮ, "ತೆಲುಗು ಮಾತಾಡ್ಲಿಕತ್ತೇನಿ!"