ಬೂಟ್ ಪಾಲಿಶ್ ಹಚ್ಚಿದ ಗಿಟಾರು

ಟಂಯ್‌ಯ್... ಅಂತ ಒಂದು ಶಬ್ದ. ಏಪ್ರಿಲ್ ತಿಂಗಳ ಮಧ್ಯಾಹ್ನ. ಶ್ರೀನಿವಾಸಪುರದ ನಾಯಿಗಳು ಕೂಡ ಬೊಗಳುವುದನ್ನು ಸಂಜೆಗೆ ಮುಂದೂಡಿದ್ದ ಹೊತ್ತಿನಲ್ಲಿ ನಮ್ಮ ಅಟ್ಟದ ಮೇಲಿಂದ ಆ ಶಬ್ದ ಬಂದು, ಊಟ ಮಾಡಿ ಮಲಗಿದ್ದ ಮನೆಮಂದಿಯನ್ನೆಲ್ಲ ಎಬ್ಬಿಸಿತು. "ಮೇಲೆ ಯಾರೋ ಅವ್ರೆ ಕಣೇ" ಎಂದರು ನಮ್ಮತ್ತೆ, ಸೆರಗು ಸರಿಮಾಡಿಕೊಳ್ಳುತ್ತ. ಯಾರೂ ಇರಲಿಲ್ಲ. ಇದ್ದದ್ದು ನನ್ನ ಗಿಟಾರು. ಎಷ್ಟೋ ವರ್ಷದಿಂದ ಬಾಯಿ ಮುಚ್ಚಿಕೊಂಡು ಬಿದ್ದಿದ್ದ ಅದು, ಸೆಕೆ ತಡೆಯಲಾರದೆ ತಾನೇ ಒಂದು ತಂತಿ ಕಡಿದುಕೊಂಡು "ನಾನಿನ್ನೂ ಇದ್ದೇನೆ" ಎಂದಿತ್ತು. ನನ್ನಂಥ ಹೆಂಗಸರು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಹೇಳುವುದನ್ನೇ ಅದು ಸ್ವಲ್ಪ ಮ್ಯೂಸಿಕಲ್ ಆಗಿ ಹೇಳಿತು, ಅಷ್ಟೆ.

ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಫ್ರಾಂಕ್ಲಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಅಲ್ಲಿ ನಮಗೆ ಗಿಟಾರ್ ಕಲಿಸುತ್ತಿದ್ದವರು ಐರೀನ್ ಮಿಸ್. ಮದುವೆಯಾಗದ, ಯಾವಾಗಲೂ ಇಸ್ತ್ರಿ ಮಾಡಿದ ಫ್ರಾಕ್ ತೊಡುತ್ತಿದ್ದ ಹೆಂಗಸು. ಕ್ಲಾಸಿಗೆ ಬಂದವರೇ ಗುಡ್ ಮಾರ್ನಿಂಗ್ ಅನ್ನುವ ಬದಲು "ಫಿಂಗರ್ಸ್!" ಎಂದು ಕೂಗುತ್ತಿದ್ದರು. ನಾವೆಲ್ಲ ಎಡಗೈ ಚಾಚಬೇಕು. ತಂತಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಿದ್ದರೆ ಗುಡ್ ಗರ್ಲ್, ಬೆಣ್ಣೆಯ ಹಾಗಿದ್ದರೆ ಲೇಜಿ ಗರ್ಲ್. ನನ್ನ ಮದುವೆಗೆ ಬಂದ ಮಿಸ್ ಸ್ಟೀಲ್ ಡಬ್ಬಿ ಕೊಡುವ ಬದಲು ತಮ್ಮದೇ ಹಳೆಯ ಗಿಟಾರನ್ನು ಕೈಗಿಟ್ಟು, "ನುಡಿಸದೆ ಇಟ್ಟೆ ಅಂದ್ರೆ ನಾನೇ ಬಂದು ಎತ್ಕೊಂಡು ಹೋಗ್ತೀನಿ, ಪ್ರಾಮಿಸ್?" ಎಂದರು. ಮದುವೆಯ ದಿನ ಹುಡುಗಿಯರು ಎಷ್ಟು ಪ್ರಾಮಿಸ್ ಮಾಡುತ್ತಾರೋ ಲೆಕ್ಕವೇ ಇಲ್ಲ. ಅದರಲ್ಲಿ ಇದೂ ಒಂದು.

ಗಂಡನ ಮನೆಗೆ ಬಂದ ಹೊಸದರಲ್ಲಿ ಒಂದು ಸಂಜೆ ಧೈರ್ಯ ಮಾಡಿ ನುಡಿಸಿದೆ. ಅತ್ತೆ ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿದರು. ಮುಗಿಸಿ ತಲೆಯೆತ್ತಿದಾಗ, "ಶ್ರುತಿ ಮಾಡ್ಕೊಂಡಿದ್ದು ಆಯ್ತಾ? ಇನ್ನ ಹಾಡು ಶುರು ಮಾಡವ್ವಾ" ಎಂದರು. ವ್ಯಂಗ್ಯವಲ್ಲ, ಪಾಪ, ನಿಜವಾಗಿ ಕಾದಿದ್ದರು. ಅದಾದ ಮೇಲೆ ಮಗು ಬಂತು, ಮಾವಿನ ಸೀಜನ್ ಬಂತು, ಮತ್ತೆ ಮಾವಿನ ಸೀಜನ್ ಬಂತು. ನಮ್ಮ ಯಜಮಾನರದು ಮಾವಿನ ಮಂಡಿ. ಹಣ್ಣಿಗೆ ಹಾಕುವ ಹುಲ್ಲು ಅಟ್ಟದಲ್ಲಿರುತ್ತಿತ್ತು. ಗಿಟಾರು ಅದರ ಮೇಲೆ ಮಲಗಿತು.

ಆ ಟಂಯ್ ಆದ ವಾರದಲ್ಲೇ ಯಜಮಾನರು ಕೋಲಾರಕ್ಕೆ ಹೋಗಿ ಬಂದರು. ಚಪ್ಪಲಿ ಬಿಡುತ್ತಲೇ, "ಬಸ್ ಸ್ಟ್ಯಾಂಡಲ್ಲಿ ನಿನ್ನ ಮಿಸ್ ಸಿಕ್ಕಿದ್ರು ಕಣೇ. ಆಸ್ಟ್ರೇಲಿಯಾಕ್ಕೆ ತಂಗಿ ಮನೆಗೆ ಹೋಗ್ತಾರಂತೆ. ವಾಪಸ್ ಬರಲ್ವಂತೆ. ಶನಿವಾರ ನಿನ್ನ ನೋಡಕ್ಕೆ ಬರ್ತಾರೆ. ಗಿಟಾರ್ ನುಡಿಸ್ತಾಳಾ ಅಂದ್ರು. ದಿನಾ ನುಡಿಸ್ತಾಳೆ ಅಂದ್ಬಿಟ್ಟೆ" ಎಂದರು.

"ಯಾಕ್ರೀ ಹಾಗಂದ್ರಿ?"

"ಮತ್ತೇನನ್ಲಿ? ಹುಲ್ಲಲ್ಲಿ ಹಣ್ಣಾಗ್ತಾ ಐತೆ ಅನ್ಲಾ?"

ನೋಡಿ, ಮನುಷ್ಯರ ಸ್ವಭಾವ. ಇಷ್ಟು ದಿನ ಅದು ಅಟ್ಟದಲ್ಲಿದೆಯೋ ಇಲ್ಲವೋ ಎಂದು ನಾನು ತಲೆ ಎತ್ತಿ ನೋಡಿದವಳಲ್ಲ. ಮಿಸ್ ಬಂದು ಎತ್ತಿಕೊಂಡು ಹೋಗಿಬಿಟ್ಟರೆ ಎಂದ ಕೂಡಲೇ ಅದಿಲ್ಲದೆ ಬದುಕುವುದೇ ಇಲ್ಲ ಎನ್ನಿಸಿತು. ಆ ಮನೆಯಲ್ಲಿ ಪಾತ್ರೆ, ಪಡಗ, ಮಂಚ, ಮಗು ಎಲ್ಲ ಎಲ್ಲರದೂ. ಬರೀ ನನ್ನದು ಅಂತ ಇದ್ದದ್ದು ಅದೊಂದೇ.

ಗಿಟಾರನ್ನು ಇಳಿಸಿ ಹಜಾರದಲ್ಲಿ ಹಳೇ ಸೀರೆಯ ಮೇಲೆ ಮಲಗಿಸಿದೆ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಹುಲ್ಲು, ಮಣ್ಣು, ಒಂದು ಗಜ್ಜುಗದ ಕಾಯಿ, ನನ್ನ ಮಗ ಕಳೆದುಕೊಂಡು ಅತ್ತಿದ್ದ ಒಂದು ಬುಗುರಿ ಬಿದ್ದವು. ಆರು ತಂತಿಯಲ್ಲಿ ಎರಡು ಹೋಗಿದ್ದವು. ಉಳಿದವಕ್ಕೆ ತುಕ್ಕು. ಒದ್ದೆ ಬಟ್ಟೆ ಹಿಂಡಿ ಹಗುರವಾಗಿ ಒರೆಸಬೇಕು, ನೀರು ಸುರಿಯಬಾರದು ಎಂದು ಮಿಸ್ ಕಲಿಸಿದ್ದು ನೆನಪಿತ್ತು. ಅತ್ತೆಗೆ ಅದು ಸಮಾಧಾನವಾಗಲಿಲ್ಲ. "ಮುಖ ಒರೆಸ್ದಂಗೆ ಒರೆಸ್ತೀಯಲ್ಲೇ. ತಂತಿಗೆ ಹುಣಿಸೇಹಣ್ಣು ಹಾಕು, ಮೈಗೆ ಸೀಗೇಕಾಯಿ ಹಾಕಿ ತಿಕ್ಕು, ಆಮೇಲೆ ಹರಳೆಣ್ಣೆ ಹಚ್ಚು. ಬಾಣಂತಿ ಆದ್ರೇನು, ಮರ ಆದ್ರೇನು, ಎಲ್ಲಕ್ಕೂ ಅದೇ" ಎಂದರು. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಹಿಂಬದಿಗೆ ಹರಳೆಣ್ಣೆ ಬಿದ್ದೇ ಬಿಟ್ಟಿತ್ತು. ಅದನ್ನು ಕಡಲೆಹಿಟ್ಟು ಹಾಕಿ ಒರೆಸುವುದರಲ್ಲಿ ಒಂದು ಬೆಳಗ್ಗೆ ಕಳೆಯಿತು. ಮುಂಭಾಗದಲ್ಲಿ ಉದ್ದಕ್ಕೆ ಒಂದು ಗೀರು. ಮೇಣದಬತ್ತಿ ಕರಗಿಸಿ ತುಂಬಿದೆ. ಬಿಳಿ ಗೆರೆ ಎದ್ದು ಕಾಣಿಸಿತು. ಗಟ್ಟಿ ಕಾಫಿ ಡಿಕಾಕ್ಷನ್ ಬಳಿದೆ, ಅದು ಮೇಣಕ್ಕೆ ಹಿಡಿಯಲಿಲ್ಲ. ಕೊನೆಗೆ ಯಜಮಾನರು ಮದುವೆಗಳಿಗೆ ಮಾತ್ರ ಹಾಕುತ್ತಿದ್ದ ಬೂಟಿನ ಬ್ರೌನ್ ಪಾಲಿಶ್ ಹಚ್ಚಿ ತಿಕ್ಕಿದೆ. ಆಹಾ! ಗಿಟಾರು ಮದುವಣಗಿತ್ತಿಯ ಹಾಗೆ ಹೊಳೆಯಿತು, ಮದುವಣಿಗನ ಬೂಟಿನ ಹಾಗೆ ನಾರಿತು.

ಇದನ್ನೆಲ್ಲ ನಮ್ಮ ಮಾವ ಕಂಬಕ್ಕೆ ಒರಗಿ ನೋಡುತ್ತಿದ್ದರು. ಅವರು ಆಂಧ್ರದ ಗಡಿಯ ರಾಯಲ್ಪಾಡಿನವರು. ವ್ಯಾಪಾರಕ್ಕೆ ಕನ್ನಡ, ಕೋಪಕ್ಕೂ ದೇವರಿಗೂ ತೆಲುಗು. ಒಂದು ಕಾಲದಲ್ಲಿ ಭಜನೆಯಲ್ಲಿ ಅವರದೇ ಮುಂದಾಳತ್ವವಂತೆ. ಊರು ಬಿಟ್ಟು ಇಲ್ಲಿಗೆ ಬರುವಾಗ ಗಾಡಿಯಲ್ಲಿ ಅವರ ನಾಲ್ಕು ತಂತಿಯ ತಂಬೂರಿಯ ಬುರುಡೆ ಒಡೆಯಿತು. ಅಲ್ಲಿಗೆ ಹಾಡೂ ನಿಂತಿತು. ಯಾರಾದರೂ ಹಾಡಿ ಎಂದರೆ, "ಶ್ರುತಿ ಇಲ್ದೆ ಹಾಡೋದು ಉಪ್ಪಿಲ್ದೆ ಮುದ್ದೆ ನುಂಗ್ದಂಗೆ" ಎಂದು ಎದ್ದು ಹೋಗುತ್ತಿದ್ದರು.

"ಎರಡು ತಂತಿ ಇಲ್ಲ ಮಾವ. ಈ ಊರಲ್ಲಿ ಸಿಗೋದೂ ಇಲ್ಲ" ಎಂದು ಅವರ ಮುಂದೆ ಗೋಳಾಡಿದೆ.

"ನಾಲ್ಕು ಐತಲ್ಲ ತಾಯಿ. ಇನ್ನೇನು ಬೇಕು?" ಎಂದರು. ಅವರಿಗೆ ಏನು ಗೊತ್ತು ಎಂದುಕೊಂಡು ನಾನು ಪಾಲಿಶ್ ಡಬ್ಬಿ ಮುಚ್ಚಿದೆ.

ಶನಿವಾರ ಮಿಸ್ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಫ್ರಾಕು ಮಾತ್ರ ಅದೇ ಇಸ್ತ್ರಿ, ಕೆನೆಬಣ್ಣ. ಅತ್ತೆ ಕೊಟ್ಟ ಮಾವಿನಹಣ್ಣನ್ನು ವಾಟೆಯವರೆಗೂ ಚೀಪಿ, ಕೈ ತೊಳೆದು ಬಂದು, ಕೂರುವ ಮೊದಲೇ ಕೂಗಿದರು: "ಫಿಂಗರ್ಸ್!"

ಈ ಪರೀಕ್ಷೆಗೆ ನಾನು ರೆಡಿಯಾಗಿದ್ದೆ. ಬಾವಿಯಲ್ಲಿ ನೀರು ಸೇದಿ ಸೇದಿ ನನ್ನ ಬೆರಳು ಕಲ್ಲಿನಂತಾಗಿದ್ದವು. ಯಾವ ಮಿಸ್ ಒತ್ತಿ ನೋಡಿದರೂ ಗುಡ್ ಗರ್ಲೇ. ಆ ಭರವಸೆಯಲ್ಲಿ ಎರಡೂ ಕೈ ಚಾಚಿಬಿಟ್ಟೆ. ಮಿಸ್ ಎಡಗೈ ಒತ್ತಿ ನೋಡಿ ತಲೆ ಆಡಿಸಿದರು. ಆಮೇಲೆ ಬಲಗೈ ಒತ್ತಿದರು. ಮತ್ತೆ ಎಡಗೈ.

"ಓ ಮೈ ಡಿಯರ್" ಎಂದರು. "ಬಲಗೈಯಲ್ಲೂ ತಂತಿ ಒತ್ತೀಯಾ?"

ಮಿಸ್ ನಗುತ್ತ ಗಿಟಾರನ್ನು ಎದೆಗೆ ಒತ್ತಿಕೊಂಡರು. ಹಿಡಿದ ಕಡೆಯಲ್ಲಿ ಫ್ರಾಕಿಗೆ ಒಂದು ಕಂದು ಪಟ್ಟೆ ಬಿತ್ತು. ನೋಡಿದರು, ಮೂಸಿಯೂ ನೋಡಿದರು. ತಂತಿ ಮೀಟಿದರು. ಝುಂಯ್‌ಯ್ ಎಂದು, ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಶಬ್ದ ಬಂತು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಗಿಟಾರಿಗೆ ಹೀಗೆ ಗುಂಯ್‌ಗುಟ್ಟುವುದಕ್ಕಿಂತ ಕೆಟ್ಟ ರೋಗವಿಲ್ಲ. ಮಿಸ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಬುಡದಲ್ಲಿ, ಒಂದೊಂದು ತಂತಿಯ ಕೆಳಗೂ ಒಂದೊಂದು ಬಿಳಿ ನೂಲು.

"ಹೂ ಡಿಡ್ ದಿಸ್?"

"ನಾನೇ" ಎಂದರು ಕಂಬದ ಹತ್ತಿರ ಮಾವ, ಪಂಚೆಯ ಅಂಚು ತೋರಿಸಿ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅಲ್ಲಿಂದಲೇ ನೂಲು ಎಳೆದು, ತಂಬೂರಿಗೆ ಝೇಂಕಾರ ಬರಲೆಂದು ಇಡುವ ಹಾಗೆ ಸಿಕ್ಕಿಸಿದ್ದರಂತೆ. "ಸತ್ತಂಗೆ ಇತ್ತು. ಈಗ ಪ್ರಾಣಂ ವಚ್ಚಿಂದಿ." ಜೀವ ಬಂತು ಎಂದು ನಾನು ಮಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಬೆವರು ಒರೆಸಿಕೊಳ್ಳುತ್ತ.

ಮಿಸ್ ಗಿಟಾರನ್ನು ಮಡಿಲಲ್ಲಿ ಮಲಗಿಸಿದರು. "ಇದನ್ನ ಕಾನ್ವೆಂಟಿಗೆ ತಗೊಂಡು ಹೋಗ್ಲಾ, ಚೈಲ್ಡ್? ಅಲ್ಲಿ ಮಕ್ಕಳು ನುಡಿಸ್ತಾರೆ" ಎಂದರು. ಬೈದಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ. ಅವರು ಅಷ್ಟು ಮೆತ್ತಗೆ ಕೇಳಿದ್ದರಿಂದ ನನಗೆ ಅಳು ಬಂತು.

ಆಗ ಮಾವ ಬಂದು ನೆಲದ ಮೇಲೆ ಕೂತು ಕೈ ಚಾಚಿದರು. ಮಿಸ್ ಕೊಟ್ಟರು. ಅದನ್ನು ತಂಬೂರಿಯ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದೊಂದೇ ತಂತಿ ಮೀಟುತ್ತ ಗಂಟಲು ಸರಿಮಾಡಿಕೊಂಡರು. ಶ್ರುತಿ ಕೂಡಲಿಲ್ಲ. ಮಿಸ್ ತಾವೇ ಬಗ್ಗಿ ಕಿವಿ ತಿರುವಿದರು. ಗಿಟಾರಿನದು, ಮಾವನದಲ್ಲ. "ಇನ್ನೂ ಸ್ವಲ್ಪ" ಎಂದು ಮಾವ ಕನ್ನಡದಲ್ಲಿ, "ಲೈಕ್ ದಿಸ್?" ಎಂದು ಮಿಸ್ ಇಂಗ್ಲಿಷಿನಲ್ಲಿ. ನಡುವೆ ನಾನು ದುಭಾಷಿ. ಸ್ವಲ್ಪ ಹೊತ್ತಿಗೆ ಅವರಿಗೆ ನಾನೂ ಬೇಕಾಗಲಿಲ್ಲ. ಮಾವ ಹಾಡಿದರು. ಹಳೇ ಭಜನೆ, ಧ್ವನಿ ಒಡೆದಿತ್ತು, ಆದರೂ ಹಾಡಿದರು. ಅತ್ತೆ ಒಳಗಿಂದ ಬಂದು ಬಾಗಿಲಲ್ಲಿ ನಿಂತವರು, "ಇದು ಹಾಡು" ಎಂದರು ನನ್ನ ಕಡೆ ನೋಡಿ.

ಮುಗಿದ ಮೇಲೆ ಮಿಸ್ ಎದ್ದರು. "ನುಡಿಸೋರು ಇದ್ದಾರಲ್ಲ. ಇಲ್ಲೇ ಇರಲಿ" ಎಂದರು.

ಹೀಗೆ ನನ್ನ ಗಿಟಾರು ಮನೆಯಲ್ಲೇ ಉಳಿಯಿತು, ನನ್ನ ಕೈ ಬಿಟ್ಟು ಹೋಯಿತು. ಅಲ್ಲಿಂದ ಮುಂದೆ ಮಾವ ಪ್ರತಿ ಶನಿವಾರ ಅದನ್ನು ಹೆಗಲಿಗೆ ಹಾಕಿಕೊಂಡು ಭಜನೆಗೆ ಹೊರಡುತ್ತಿದ್ದರು. ಊರಿನಲ್ಲಿ ಅದಕ್ಕೆ ಇಂಗ್ಲಿಷ್ ತಂಬೂರಿ ಎಂದು ಹೆಸರಾಯಿತು. ನಾನು ಕೇಳಿದರೆ, "ಆಡ್ಕೋ ತಾಯಿ, ನೂಲು ಮಾತ್ರ ಮುಟ್ಬೇಡ" ಎಂದು ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು.

ಮಿಸ್ ಬಂದಿದ್ದ ದಿನ ಸಂಜೆ ಅವರನ್ನು ಕೋಲಾರದ ಬಸ್ಸು ಹತ್ತಿಸಲು ನಾನೇ ಹೋದೆ. ಅತ್ತೆ ಕಟ್ಟಿಕೊಟ್ಟ ಹಣ್ಣಿನ ಬುಟ್ಟಿ ಅವರ ಮಡಿಲಲ್ಲಿತ್ತು, ಫ್ರಾಕಿನ ಮೇಲೆ ಪಾಲಿಶ್ ಪಟ್ಟೆ ಹಾಗೇ ಇತ್ತು. ಅದನ್ನು ತೊಳೆಸಿ ಕೊಡುತ್ತೇನೆ ಎಂದಿದ್ದಕ್ಕೆ ಬೇಡವೇ ಬೇಡ ಎಂದಿದ್ದರು. ಬಸ್ಸು ಅಲುಗಿತು. ಮಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಷ್ಟು ಜನರ ಮುಂದೆ, ಕ್ಲಾಸಿನಲ್ಲಿ ಕೂಗುತ್ತಿದ್ದ ಹಾಗೇ ಕೂಗಿದರು: "ಫಿಂಗರ್ಸ್!"

ಆಮೇಲೆ ನಾನು ಅವರನ್ನು ನೋಡಲಿಲ್ಲ. ಆದರೆ ಕಾನ್ವೆಂಟಿನಲ್ಲಿ ಕಲಿತವಳು ನಾನು, ಒಂದೇ ತಪ್ಪನ್ನು ಎರಡು ಸಲ ಮಾಡುವವಳಲ್ಲ. ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಎಡಗೈ ಒಂದನ್ನೇ ಎತ್ತಿ ತೋರಿಸಿದೆ.